ದನ ಹತ್ತೋ ಹಾಗೆ

ನಮ್ಮತ್ತೆ 68ನೇ ವಯಸ್ಸಿನಲ್ಲಿ ದೇವೀರಮ್ಮನ ಬೆಟ್ಟ ಹತ್ತಿದ್ದು ಬರಿಗಾಲಲ್ಲಿ. ತಲೆ ಮೇಲೆ ಸಣ್ಣದೊಂದು ಸೌದೆ ಹೊರೆ, ಹೆಗಲ ಚೀಲದಲ್ಲಿ ತುಪ್ಪದ ಡಬ್ಬಿ, ಕರ್ಪೂರ, ಒಂದು ರವಿಕೆ ಕಣ. ಅವರಿಗಿಂತ ನಾಲ್ಕು ಮಾರು ಹಿಂದೆ ನಾನು. ನನಗಾಗ 40. ಹಾಸನದಲ್ಲಿ ಬ್ಯಾಂಕ್ ಕೆಲಸ, ಬೆಳಿಗ್ಗೆ ಹತ್ತರಿಂದ ಸಂಜೆವರೆಗೆ ಕುರ್ಚಿ, ಮನೆಗೆ ಬಂದರೆ ಮತ್ತೆ ಕುರ್ಚಿ. ಆ ರಾತ್ರಿ ಎದೆ ಹೊಡೆದುಕೊಳ್ಳುವ ಸದ್ದು ನನ್ನ ಕಿವಿಗೇ ಕೇಳಿಸುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಚಿಕ್ಕಮಗಳೂರಿನಿಂದ ಮಲ್ಲೇನಹಳ್ಳಿ ಕಡೆ ಹೋದರೆ ಬಿಂಡಿಗದ ದೇವೀರಮ್ಮ. ಬೆಟ್ಟದ ಮೇಲಿನ ಅಮ್ಮನ ದರ್ಶನ ವರ್ಷಕ್ಕೊಮ್ಮೆ ಮಾತ್ರ, ದೀಪಾವಳಿಯ ನರಕ ಚತುರ್ದಶಿಯ ಹೊತ್ತಿಗೆ. ಹಿಂದಿನ ರಾತ್ರಿಯೇ ಜನ ಹೊರಡುತ್ತಾರೆ. ಕೆಲವರು ಮಾಣಿಕ್ಯಧಾರೆ ಕಡೆಯಿಂದ ಬೆಟ್ಟದ ಸಾಲು ಹಿಡಿದು ಬರುತ್ತಾರೆ, ಕೆಲವರು ಅರಿಶಿನಗುಪ್ಪೆ ಕಡೆಯಿಂದ, ನಾವು ಮಲ್ಲೇನಹಳ್ಳಿ ಕಡೆಯಿಂದ. ಕತ್ತಲಲ್ಲಿ ಬೆಟ್ಟದ ಮೈ ಮೇಲೆಲ್ಲ ಟಾರ್ಚಿನ ಬೆಳಕು ಸಾಲಾಗಿ ಹರಿಯುತ್ತಿರುತ್ತದೆ. ಎಲ್ಲೋ ಒಬ್ಬರು ಅಮ್ಮನ ಹೆಸರು ಹಿಡಿದು ಕೂಗುತ್ತಾರೆ, ಕೆಳಗಿನ ತಿರುವಿನಲ್ಲಿರುವ ನೂರು ಜನ ಓಗೊಡುತ್ತಾರೆ. ಮೇಲೆ ಹೊತ್ತ ಸೌದೆ, ಬಟ್ಟೆ, ತುಪ್ಪವೆಲ್ಲ ಸಂಜೆಯ ಬೆಂಕಿಗೆ. ಆ ಬೆಳಕು ಕಂಡ ಮೇಲೆಯೇ ಸುತ್ತಲ ಊರುಗಳಲ್ಲಿ ಮನೆ ಮುಂದೆ ದೀಪ.

ಏರು ಕಡಿದಾಗುತ್ತಾ ಹೋಯಿತು. ಮಳೆಗೆ ನೆನೆದ ಹುಲ್ಲು, ಅದರ ಕೆಳಗೆ ಜಾರುವ ಕೆಂಪುಮಣ್ಣು. ಬೇಗ ಮುಗಿಸಿಬಿಡೋಣ ಅಂತ ನಾನು ನೆಟ್ಟಗೆ ಮೇಲಕ್ಕೇ ನುಗ್ಗುತ್ತಿದ್ದೆ. ಇಪ್ಪತ್ತು ಹೆಜ್ಜೆ, ನಿಲ್ಲು. ಹದಿನೈದು ಹೆಜ್ಜೆ, ನಿಲ್ಲು. ಅತ್ತೆ ಒಮ್ಮೆಯೂ ನಿಂತಿದ್ದನ್ನು ಕಾಣಲಿಲ್ಲ. ಕೊನೆಗೆ ಅವರೇ ಹೊರೆ ಇಳಿಸಿ, ನಾನು ಹತ್ತಿರ ಬರುವ ತನಕ ಕಾದು ಹೇಳಿದರು.

"ನೆಟ್ಟಗೆ ಯಾಕಮ್ಮ ಹತ್ತೀಯ? ದನ ಹತ್ತೋ ಹಾಗೆ ಹತ್ತು. ಅಡ್ಡ ಹೋಗು, ತಿರುಗು, ಮತ್ತೆ ಅಡ್ಡ ಹೋಗು. ಬೆಟ್ಟ ಎಲ್ಲಿಗೂ ಓಡೋಗಲ್ಲ."

ಅವರ ಹಿಂದೆಯೇ ಹೆಜ್ಜೆ ಇಟ್ಟೆ. ಎಡಕ್ಕೆ ಮೂವತ್ತು ಹೆಜ್ಜೆ, ಬಲಕ್ಕೆ ಮೂವತ್ತು ಹೆಜ್ಜೆ. ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿತು. ಅಲ್ಲಿಯವರೆಗೆ ಬೆರಳ ತುದಿಯಲ್ಲೇ ಹತ್ತುತ್ತಿದ್ದೆ ಅನ್ನುವುದು ಆಮೇಲೆ ಹೊಳೆಯಿತು, ಮೀನಖಂಡ ಕಲ್ಲಾಗಿದ್ದುದು ಅದಕ್ಕೇ. ದಾರಿ ಉದ್ದವಾಯಿತು, ಆದರೆ ಒಂದೊಂದು ಹೆಜ್ಜೆಗೆ ಮೈಯನ್ನು ಎತ್ತಬೇಕಾದ ಎತ್ತರ ಕಡಿಮೆಯಾಯಿತು. ಸ್ವಲ್ಪ ಹೊತ್ತಿಗೆ ಉಸಿರು ಒಂದು ಲಯಕ್ಕೆ ಬಂತು. ಅತ್ತೆ ಮಾತಾಡುತ್ತಾ ಹತ್ತುತ್ತಿದ್ದರು, ನಾನೂ ಎರಡು ಮಾತಾಡಿದೆ. ಬೆಳಗಾದಾಗ ಎದುರಿನ ಬೆಟ್ಟದ ಬೋಳು ಮೈ ಮೇಲೆ ದನದ ಜಾಡು ಕಂಡಿತು, ಬಾಚಣಿಗೆ ಎಳೆದ ಹಾಗೆ ಒಂದರ ಮೇಲೊಂದು ಅಡ್ಡಡ್ಡ ಗೆರೆ. ಮೇಯುತ್ತಾ ಮೇಯುತ್ತಾ ಮೇಲೆ ಹೋದ ದನಗಳ ಕಾಲು ಬರೆದ ಗೆರೆ.

ಇಳಿದ ಮೇಲೆ ಮೂರು ದಿನ ತೊಡೆ ಹಿಡಿದುಕೊಂಡು ಗೋಡೆ ಆನಿಸಿ ಮೆಟ್ಟಿಲಿಳಿದೆ. ಅತ್ತೆ ಮಾರನೇ ಬೆಳಿಗ್ಗೆಯೇ ಕೊಟ್ಟಿಗೆಯಲ್ಲಿದ್ದರು. ಹತ್ತುವುದು ಕಷ್ಟ, ಇಳಿಯುವುದು ಸುಲಭ ಅಂತ ನಾವು ತಿಳಿದುಕೊಂಡಿರುತ್ತೇವೆ. ಉಸಿರಿನ ಮಟ್ಟಿಗೆ ಅದು ನಿಜ. ಸ್ನಾಯುವಿನ ಲೆಕ್ಕ ಬೇರೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಆ ಕೆಲಸ ಅಭ್ಯಾಸವಿಲ್ಲದ ಸ್ನಾಯುವಿನಲ್ಲಿ ಸೂಕ್ಷ್ಮವಾದ ಸೀಳುಗಳಾಗುತ್ತವೆ. ನೋವು ಆ ದಿನವಲ್ಲ, ಮಾರನೇ ದಿನ, ಅದರ ಮಾರನೇ ದಿನ ಏರುತ್ತದೆ. ಬಿಡದೆ ಮಾಡುತ್ತಾ ಹೋದರೆ ಅದೇ ಸ್ನಾಯು ಗಟ್ಟಿಯಾಗುತ್ತದೆ. ಅತ್ತೆಯ ತೊಡೆಗೆ ಐವತ್ತು ವರ್ಷದ ಗದ್ದೆ, ತೋಟ, ಏರು, ಇಳಿಜಾರಿನ ಅಭ್ಯಾಸವಿತ್ತು.

ಅದಾಗಿ ಎರಡು ತಿಂಗಳಿಗೆ ಕಚೇರಿಯ ಆರೋಗ್ಯ ತಪಾಸಣೆಯಲ್ಲಿ ನನ್ನ ಎಚ್‌ಬಿಎ1ಸಿ 6.3 ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಬಂದರೆ ಮಧುಮೇಹಕ್ಕೆ ಹಿಂದಿನ ಮೆಟ್ಟಿಲು. ನಮ್ಮಪ್ಪ ಸಕ್ಕರೆ ಕಾಯಿಲೆಯಿಂದಲೇ ಕಣ್ಣು ಮಂಜಾಗಿ, ಕಾಲಿನ ಒಂದು ಬೆರಳು ಕಳೆದುಕೊಂಡವರು. ಆ ಹಾಳೆ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನಗೆ ಕಂಡದ್ದು ಅಪ್ಪನ ಬ್ಯಾಂಡೇಜಿನ ಕಾಲು. ಡಾಕ್ಟರು ಮಾತ್ರೆ ಬರೆಯಲಿಲ್ಲ. "ಇನ್ನೂ ನಿಮ್ಮ ಕೈಲೇ ಇದೆ, ನಡೀರಿ," ಅಂದರು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಶ್ರಮ. ಸಾಧಾರಣ ಅಂದರೆ ಎಷ್ಟು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇದನ್ನು ಕೇಳಿದ ತಕ್ಷಣ ನನಗೆ ಬೆಟ್ಟದ ಆ ರಾತ್ರಿ ನೆನಪಾಯಿತು.

ಮೊದಲು ಮಹಾರಾಜ ಪಾರ್ಕಿನಲ್ಲಿ ಸುತ್ತು ಹಾಕಿದೆ. ಪಾರ್ಕು ಚೆನ್ನಾಗಿದೆ, ಅಲ್ಲಿ ಗೆಳತಿಯರೂ ಸಿಕ್ಕರು. ಆದರೆ ಸುತ್ತುವ ದಾರಿ ನನ್ನನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಎಲ್ಲಿಗಾದರೂ ಹೋಗಿ ತಲುಪಬೇಕು, ತಲುಪಿ ಹಿಂದಿರುಗಬೇಕು ಅನ್ನುವ ಮೈ ನನ್ನದು. ಆಗಲೇ ಸೈಕಲ್ ಬಂದದ್ದು.

ನಾನು ಹುಟ್ಟಿ ಬೆಳೆದದ್ದು ಆಲೂರು ತಾಲ್ಲೂಕಿನ ಹಳ್ಳಿ. ಅಪ್ಪನ ಸೈಕಲ್ಲಿಗೆ ಬಾರ್ ಇತ್ತು, ನನಗೆ ಸೀಟು ಎಟುಕುತ್ತಿರಲಿಲ್ಲ. ಬಾರಿನ ಕೆಳಗಿನಿಂದ ಕಾಲು ತೂರಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕಂಕುಳಲ್ಲಿ ಸೀಟು ಅವುಚಿಕೊಂಡು ಒಳಪೆಡಲ್ ತುಳಿಯುತ್ತಾ ಕೆರೆ ಏರಿ ಮೇಲೆ ಕಲಿತೆ. ಏಳನೇ ಕ್ಲಾಸಿಗೆ ನಿಂತುಹೋಯಿತು. ದೊಡ್ಡವಳಾದೆ ಅಂದರು, ಅಷ್ಟೆ. ಯಾರೂ ಬೈಯಲಿಲ್ಲ, ಸೈಕಲ್ ಮಾತ್ರ ತಮ್ಮನದಾಯಿತು. 41ನೇ ವಯಸ್ಸಿನಲ್ಲಿ ಗೇರ್ ಸೈಕಲ್ ತಂದು, ಮನೆ ಮುಂದಿನ ರಸ್ತೆಯಲ್ಲಿ ಮೊದಲ ಸುತ್ತು ಹೊಡೆದಾಗ ಗಾಳಿ ಕಿವಿ ಪಕ್ಕ ಸುಯ್ಯೆಂದಿತು. ಮೂವತ್ತು ವರ್ಷದ ಹಿಂದಿನ ಏರಿಯ ಗಾಳಿಯೇ ಅದು. ಗೇಟಿನ ಹತ್ತಿರ ನಿಂತು ಸ್ವಲ್ಪ ಅತ್ತುಬಿಟ್ಟೆ.

ಸೈಕಲ್ ಅಂಗಡಿಯ ಹಿರಿಯರೊಬ್ಬರು ಕಲಿಸಿದ ಒಂದು ಮಾತನ್ನು ಎಲ್ಲರಿಗೂ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನ ಸೀಟನ್ನು ತಗ್ಗಿಸಿಕೊಂಡು, ಎರಡೂ ಕಾಲು ನೆಲಕ್ಕೆ ಆರಾಮಾಗಿ ಎಟುಕುವ ಹಾಗೆ ಕೂರುತ್ತಾರೆ. ಆಗ ಮಂಡಿ ಯಾವಾಗಲೂ ಮಡಚಿಕೊಂಡೇ ತುಳಿಯುತ್ತದೆ, ತಿಂಗಳೊಳಗೆ ಮಂಡಿ ಚಿಪ್ಪಿನ ಸುತ್ತ ನೋವು. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿಯಲ್ಲಿ ಹದವಾದ ಬಾಗು ಉಳಿಯುತ್ತದೆ. ಏರು ಬಂದಾಗ ಹಗುರ ಗೇರಿಗೆ ಇಳಿಸಿ, ಬೇಗ ಬೇಗ ತುಳಿಯಿರಿ, ಒತ್ತಿ ಒತ್ತಿ ತುಳಿಯಬೇಡಿ. "ಗೇರ್ ಇರೋದು ಜೋರಾಗಿ ಹೋಗಕ್ಕಲ್ಲಮ್ಮ, ಏರು ಹತ್ತಕ್ಕೆ," ಅಂದರು ಅವರು. ಅತ್ತೆಯ ಮಾತನ್ನೇ ಇವರು ಹಲ್ಲುಚಕ್ರದ ಭಾಷೆಯಲ್ಲಿ ಹೇಳುತ್ತಿದ್ದಾರೆ ಅನ್ನಿಸಿತು. ಅಡ್ಡಡ್ಡ ಹತ್ತುವುದೂ ಹಗುರ ಗೇರೇ ತಾನೆ.

ಮೈಭಾರವನ್ನು ಸೀಟು ಹೊರುವುದರಿಂದ ಸೈಕಲ್ಲಿನಲ್ಲಿ ಮಂಡಿಗೆ ಬೀಳುವ ಪೆಟ್ಟು ಕಡಿಮೆ. ನಡಿಗೆಯಿಂದ ಮಂಡಿ ನೋಯುವವರಿಗೆ ಇದು ಒಳ್ಳೆಯ ದಾರಿ. ಎಲುಬು ಗಟ್ಟಿಯಾಗಲು ಮಾತ್ರ ನೆಲಕ್ಕೆ ಹೆಜ್ಜೆ ಊರುವ ಕೆಲಸವೂ ಬೇಕು, ಅದರಲ್ಲೂ ನನ್ನ ವಯಸ್ಸಿನ ಹೆಂಗಸರಿಗೆ. ಅದಕ್ಕೇ ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ, ವಾರದಲ್ಲಿ ಮೂರು ದಿನ ಸೈಕಲ್, ಎರಡು ದಿನ ನಡಿಗೆ, ತಿಂಗಳಿಗೊಂದು ಬೆಟ್ಟ.

ನನ್ನ ಭಾನುವಾರದ ದಾರಿ ಬೇಲೂರು ರಸ್ತೆಯಲ್ಲಿ ಹೋಗಿ ದೊಡ್ಡಗದ್ದವಳ್ಳಿಗೆ ತಿರುಗುತ್ತದೆ. ಹೆದ್ದಾರಿ ಬಿಟ್ಟ ಕೂಡಲೇ ಸದ್ದು ಕಳಚಿ ಬೀಳುತ್ತದೆ. ತೆಂಗು, ರಾಗಿ ಹೊಲ, ಶುಂಠಿ ಪಾತಿ, ರಸ್ತೆಗೇ ಹರಡಿದ ಹುರುಳಿ. ಕೊನೆಗೆ ಕೆರೆ, ಕೆರೆಯ ಪಕ್ಕ ಲಕ್ಷ್ಮೀದೇವಿ ದೇವಸ್ಥಾನ. ವಿಷ್ಣುವರ್ಧನನ ಕಾಲದ್ದು, ಹೊಯ್ಸಳರ ಮೊದಮೊದಲಿನ ಗುಡಿಗಳಲ್ಲೊಂದು. ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿ, ಬೇಲೂರಿನಷ್ಟು ಕುಸುರಿಯಿಲ್ಲ. ನನಗೆ ಇಷ್ಟವಾಗುವುದೇ ಆ ಸರಳತನ. 2020ರಲ್ಲಿ ಅಲ್ಲಿನ ಕಾಳಿ ವಿಗ್ರಹ ಒಡೆದಿದ್ದ ಸುದ್ದಿ ಓದಿದಾಗ ನಮ್ಮ ಮನೆಯಲ್ಲೇ ಏನೋ ಒಡೆದ ಹಾಗಾಗಿತ್ತು. ಆಮೇಲೆ ಅದನ್ನು ಜೋಡಿಸಿದರು. ಸೈಕಲ್ಲನ್ನು ಗೋಡೆಗೆ ಆನಿಸಿ, ಕಲ್ಲಿನ ಮೇಲೆ ಕೂತು, ಡಬ್ಬಿಯ ಅಕ್ಕಿರೊಟ್ಟಿ ತಿನ್ನುತ್ತೇನೆ. ಬೆವರು ಆರುವಾಗ ಬೆನ್ನಿಗೆ ತಾಗುವ ಕಲ್ಲಿನ ತಂಪು ಕಾರಿನಲ್ಲಿ ಬಂದು ಇಳಿದವರಿಗೆ ಸಿಗುವಂಥದ್ದಲ್ಲ. ಮೊದಲು ದಾರಿಯಲ್ಲಿ ಸಿಕ್ಕವರು "ಯಾಕಮ್ಮ, ಗಾಡಿ ಕೆಟ್ಟೋಯ್ತಾ?" ಅಂತ ಕೇಳುತ್ತಿದ್ದರು. ಈಗ ಟೀ ಅಂಗಡಿಯ ಅಕ್ಕ ದೂರದಿಂದಲೇ ನೋಡಿ ಸಕ್ಕರೆ ಇಲ್ಲದ ಟೀಗೆ ನೀರಿಡುತ್ತಾರೆ.

ಹದಿನಾಲ್ಕು ತಿಂಗಳಿಗೆ ನನ್ನ ಎಚ್‌ಬಿಎ1ಸಿ 5.7ಕ್ಕೆ ಇಳಿಯಿತು. ಅನ್ನವನ್ನೂ ಕಡಿಮೆ ಮಾಡಿದ್ದೆ, ಆದ್ದರಿಂದ ಎಲ್ಲ ಪುಣ್ಯವನ್ನೂ ಸೈಕಲ್ಲಿಗೇ ಕೊಡುವುದು ಸರಿಯಲ್ಲ. ಆದರೆ ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆಯೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಮತ್ತು ತೊಡೆಯ ಸ್ನಾಯು ಮೈಯ ದೊಡ್ಡ ಸ್ನಾಯುಗಳಲ್ಲೊಂದು. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ನಡೆದರೂ ಸಕ್ಕರೆಯ ಏರು ತಗ್ಗುತ್ತದೆ, ನನ್ನ ಗ್ಲುಕೋಮೀಟರಿನಲ್ಲಿ ನಾನೇ ಕಂಡಿದ್ದೇನೆ.

ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಆ ವಾರ ನಾನು ರಜೆ ಹಾಕಿ ಅತ್ತೆ ಮನೆಗೆ ಹೋಗುತ್ತೇನೆ, ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು. ಗಿಡದ ರೆಂಬೆ ರೆಂಬೆಗೂ ಬಿಳಿ ಹೂವಿನ ಗೊಂಚಲು, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮಲ್ಲಿಗೆಯಂಥ ಆದರೆ ಮಲ್ಲಿಗೆಗಿಂತ ಹಸಿಯಾದ ಪರಿಮಳ, ಜೇನ್ನೊಣದ ಒಂದೇ ಸಮನಾದ ಗುಂಯ್. ತೋಟದ ಜೀಪುರಸ್ತೆಯಷ್ಟು ಒಳ್ಳೆಯ ಸೈಕಲ್ ದಾರಿ ಇನ್ನೊಂದಿಲ್ಲ. ನೆರಳು, ಮೆತ್ತನೆ ಮಣ್ಣು, ವಾಹನವಿಲ್ಲ. ಆದರೆ ಅದು ಒಬ್ಬರ ತೋಟ. ಉಣಗೋಲು, ಅಂದರೆ ಗಳು ಅಡ್ಡ ಸಿಕ್ಕಿಸಿದ ಬೇಲಿಬಾಗಿಲು, ದಾಟುವ ಮುಂಚೆ ತೋಟದ ಲೆಕ್ಕ ನೋಡುವ ರೈಟರನ್ನೋ, ಕೂಲಿಯವರ ಲೈನ್‌ಮನೆಯವರನ್ನೋ ಕೇಳಬೇಕು. ದಾಟಿದ ಮೇಲೆ ಗಳುಗಳನ್ನು ಇದ್ದ ಹಾಗೇ ಸಿಕ್ಕಿಸಬೇಕು. ಕೇಳಿದರೆ ಬೇಡ ಅಂದವರು ಕಡಿಮೆ.

ಕೇಳಬೇಕಾದದ್ದಕ್ಕೆ ಇನ್ನೊಂದು ಕಾರಣವೂ ಇದೆ, ಆನೆ. ಆಲೂರು, ಸಕಲೇಶಪುರ, ಬೇಲೂರು ಕಡೆ, ಚಿಕ್ಕಮಗಳೂರಿನ ತೋಟಗಳಲ್ಲೂ, ಕಾಡಾನೆ ಎಲ್ಲಿ ನಿಂತಿದೆ ಅನ್ನುವುದು ಅಲ್ಲಿಯ ಜನಕ್ಕೆ ಗೊತ್ತಿರುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಿಗ್ಗೆಯೇ ಸುದ್ದಿ ಓಡಾಡುತ್ತದೆ. ಕೆಲಸಕ್ಕೆ ಹೊರಟ ಕೂಲಿಯವರು ಆನೆ ತುಳಿತಕ್ಕೆ ಸಿಕ್ಕಿ ಸತ್ತ ಸುದ್ದಿಯನ್ನು ನಮ್ಮ ಜಿಲ್ಲೆ ಮತ್ತೆ ಮತ್ತೆ ಕೇಳಿದೆ. ಅವರಿಗೆ ಆ ದಾರಿ ಬಿಟ್ಟು ಗತಿಯಿಲ್ಲ. ನಾವು ಸಂತೋಷಕ್ಕೆ ಹೋಗುವವರು. ಬೇಡ ಅಂದ ದಿನ ಹಿಂದಿರುಗಲು ನಮಗೆ ಏನು ಕಷ್ಟ? ಬೆಳಕು ಪೂರ್ತಿ ಹರಿಯುವ ಮುಂಚೆ ನಾನು ತೋಟದ ದಾರಿಗೆ ಇಳಿಯುವುದಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸುವುದಿಲ್ಲ.

ಇನ್ನು ಇಂಬಳ, ಅಂದರೆ ನೆಲದ ಜಿಗಣೆ. ಮಳೆಗಾಲದಲ್ಲಿ ಸೊಪ್ಪಿನ ಮೇಲೆ ತಲೆ ಎತ್ತಿ ನಿಂತು ಕಾಯುತ್ತಿರುತ್ತವೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ, ಅವುಗಳ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ. ಕಿತ್ತೆಸೆಯಬೇಡಿ, ಉಗುರನ್ನು ಅದರ ಬಾಯಿಯ ಪಕ್ಕ ಜಾರಿಸಿ ಬಿಡಿಸಿ, ಸೋಪು ಹಾಕಿ ತೊಳೆಯಿರಿ. ನಮ್ಮ ಕಡೆ ಕಾಲಿಗೆ ಹೊಗೆಸೊಪ್ಪಿನ ನೀರು, ಸುಣ್ಣ ಹಚ್ಚುತ್ತಾರೆ. ಇಂಬಳಕ್ಕೆ ಹೆದರಿ ಬರದವರಿದ್ದಾರೆ, ಆದರೆ ಹೆದರಬೇಕಾದದ್ದು ಉಣುಗಿಗೆ, ದನದ ಮೈಗೆ ಅಂಟುವ ಉಣ್ಣೆಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯೂ ಬಂದಿದೆ, ಜೀವ ತೆಗೆದಿದೆ. ಅದನ್ನು ಹರಡುವುದು ಉಣುಗು, ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ. ಸತ್ತ ಮಂಗ ಕಂಡ ಕಾಡಿನ ಕಡೆ ಹೋಗಬೇಡಿ, ಅರಣ್ಯದವರಿಗೆ ತಿಳಿಸಿ. ಹೋಗಲೇಬೇಕಾದವರಿಗೆ ಆರೋಗ್ಯ ಇಲಾಖೆ ಉಣುಗನ್ನು ದೂರವಿಡುವ ಡೀಪಾ ತೈಲ ಕೊಡುತ್ತದೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈ ಸೋಪಿಗೆ.

ಮುಳ್ಳಯ್ಯನಗಿರಿಯ ಸರ್ಪದಾರಿಯ ಬಗ್ಗೆ ಹೇಳದೆ ಮುಗಿಸಲಾರೆ. 1,925 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಕಾರಿನಲ್ಲಿ ಹೋದರೆ ತುದಿಯ ಹತ್ತಿರದವರೆಗೂ ರಸ್ತೆ, ಆಮೇಲೆ ಮೆಟ್ಟಿಲು. ಸರ್ಪದಾರಿ ಮಾತ್ರ ಕೆಳಗಿನ ರಸ್ತೆಯ ಪಕ್ಕದಿಂದಲೇ ಹುಲ್ಲುಬೆಟ್ಟದ ಮೈ ಹಿಡಿದು ಹೊರಳುತ್ತಾ ಹೊರಳುತ್ತಾ ಮೇಲೇರುತ್ತದೆ. ಹೆಸರು ಕೇಳಿದಾಗ ಹಾವಿರುತ್ತದೇನೋ ಅಂದುಕೊಂಡಿದ್ದೆ. ನಡೆದ ಮೇಲೆ ಗೊತ್ತಾಯಿತು, ಅದು ದನ ಹತ್ತೋ ದಾರಿಯೇ. ಎಡಕ್ಕೆ ಹೋಗು, ತಿರುಗು, ಬಲಕ್ಕೆ ಹೋಗು. ಆ ದಾರಿ ಮೂಡಿಸಿದವರು ಯಾರೋ, ಅವರಿಗೆ ಉಸಿರಿನ ಲೆಕ್ಕ ಗೊತ್ತಿತ್ತು.

ಕಳೆದ ಸಲ ಹೋದಾಗ ಒಂದು ತಿರುವಿನಲ್ಲಿ ಬಗ್ಗಿ ನೋಡಿದೆ. ತಿರುವನ್ನು ಬಿಟ್ಟು ನೆಟ್ಟಗೆ ಇಳಿದವರ ಕಾಲು ಒಂದು ಒಳದಾರಿ ಮಾಡಿತ್ತು. ಮೊದಲು ಹುಲ್ಲು ಸವೆದಿದೆ, ಆಮೇಲೆ ಬೇರು ಹೊರಗೆ ಬಂದಿದೆ, ಮಳೆಗಾಲದಲ್ಲಿ ನೀರು ಅದನ್ನೇ ಕಾಲುವೆ ಮಾಡಿಕೊಂಡು ನುಗ್ಗಿದೆ. ಈಗ ಮಂಡಿಯುದ್ದದ ಕೊರಕಲು, ತಳದಲ್ಲಿ ಬರೀ ಗರುಸು. ಅದರಿಂದ ಎರಡು ಮಾರು ಆಚೆಗೆ ಸರ್ಪದಾರಿ ಹಾಗೇ ಇದೆ, ಹುಲ್ಲಿನ ಅಂಚು ಸಮೇತ. ಅಡ್ಡಡ್ಡ ಹೋಗುವ ದಾರಿಯಲ್ಲಿ ನೀರಿಗೆ ಓಟ ಸಿಗುವುದಿಲ್ಲ. ಒಂದೊಂದು ತಿರುವಿನಲ್ಲೂ ನಿಂತು, ಹುಲ್ಲಿಗೆ ಸರಿದು, ಇಂಗುತ್ತದೆ. ನೆಟ್ಟನೆಯ ದಾರಿಯಲ್ಲಿ ಅದೇ ನೀರು ಮಣ್ಣು ಹೊತ್ತು ಓಡುತ್ತದೆ. ನಾಲ್ಕು ನಿಮಿಷ ಉಳಿಸಲು ಇಳಿದವರ ಮಂಡಿಗೂ ಅಲ್ಲಿ ಪೆಟ್ಟು, ಬೆಟ್ಟಕ್ಕೂ ಪೆಟ್ಟು.

ಈ ಹುಲ್ಲು ಬರೀ ಹುಲ್ಲಲ್ಲ. ಮೇಲಿನ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಒತ್ತಾಗಿ ಕೂತ ಶೋಲಾ ಕಾಡು, ಎರಡೂ ಸೇರಿ ಮಳೆಯನ್ನು ಹಿಡಿದಿಟ್ಟುಕೊಂಡು ಬೇಸಿಗೆಯವರೆಗೂ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಯಗಚಿ ಹುಟ್ಟುವುದು ಇದೇ ಬಾಬಾಬುಡನ್ ಗಿರಿಸಾಲಿನಲ್ಲಿ. ಬೇಲೂರು ದಾಟಿ, ಗೊರೂರಿನ ಹತ್ತಿರ ಹೇಮಾವತಿ ಸೇರುತ್ತದೆ. ಅತ್ತೆಯ ಊರಿನ ಬೆಟ್ಟಕ್ಕೆ ಬಿದ್ದ ಮಳೆ ನಮ್ಮ ಹಾಸನದ ಕಡೆಗೆ ಹರಿದು ಬರುತ್ತದೆ ಅನ್ನುವುದು ನನಗೆ ನಕ್ಷೆ ನೋಡಿ ತಿಳಿದದ್ದಲ್ಲ. ಸೈಕಲ್ಲಿನಲ್ಲಿ ಯಗಚಿ ಸೇತುವೆ ದಾಟಿ, ತಿಂಗಳ ನಂತರ ಬೆಟ್ಟದಲ್ಲಿ ಅದರ ಎಳೆಗಳಂಥ ತೊರೆಗೆ ಕೈ ಅದ್ದಿ ತಿಳಿದದ್ದು.

2022ರಲ್ಲಿ ಇದೇ ಗಿರಿಸಾಲಿನ, ಅಂದರೆ ಚಂದ್ರದ್ರೋಣದ ತುಂಬಾ ನೀಲಕುರಿಂಜಿ ಅರಳಿತು. ಹನ್ನೆರಡು ವರ್ಷಕ್ಕೊಮ್ಮೆ ಒಟ್ಟಿಗೆ ಹೂಬಿಟ್ಟು, ಬೀಜವಾಗಿ, ಸಾಯುವ ಗಿಡ. ನೋಡಲು ನಾನೂ ಹೋದೆ, ಆದ್ದರಿಂದ ಬಂದವರನ್ನು ದೂರುವ ಹಕ್ಕು ನನಗಿಲ್ಲ. ಆದರೆ ಹೂವಿನ ನಡುವೆ ಕೂತು ಫೋಟೋ ತೆಗೆಸಿಕೊಂಡು, ಗಿಡ ಮುರಿದು ಕಾರಿಗೆ ಸಿಕ್ಕಿಸಿಕೊಂಡು ಹೋದದ್ದನ್ನು ಕಣ್ಣಾರೆ ಕಂಡೆ. ಬೀಜವಾಗುವ ಮುಂಚೆ ಕಿತ್ತ ಹೂವು ಹನ್ನೆರಡು ವರ್ಷದ ಕಾಯುವಿಕೆಯನ್ನೇ ಕಿತ್ತ ಹಾಗೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಜಾತ್ರೆಯಂತೆ ಜನ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿತು. ಆಮೇಲೆ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಬಂತು, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ. ಗೆಳೆಯರು ಗೊಣಗುತ್ತಾರೆ, ನಮ್ಮ ಬೆಟ್ಟಕ್ಕೆ ನಾವು ಚೀಟಿ ತಗೋಬೇಕಾ ಅಂತ. ನನ್ನ ಮಟ್ಟಿಗೆ ಮಿತಿ ಬೇಕೇ ಬೇಕು. ಸುತ್ತಲಿನ ಹಳ್ಳಿಯವರ ಓಡಾಟಕ್ಕೆ, ಹರಕೆಗೆ ತಡೆಯಾಗಬಾರದು ಅಷ್ಟೆ. ಕುದುರೆಮುಖಕ್ಕೆ ಟಿಕೆಟ್ ಸಿಗದ ಭಾನುವಾರ ನಿಮ್ಮ ಊರಿನ ಕೆರೆ ಏರಿಗೆ ಹೋಗಿ. ಯಾವ ಊರಿಗೆ ಏರಿ ಇಲ್ಲ, ಗುಡ್ಡ ಇಲ್ಲ, ಗಾಡಿಜಾಡು ಇಲ್ಲ? ಹಾಸನದವರಿಗೆ ಸೀಗೆಗುಡ್ಡ ಇದೆ, ಗೆಂಡೆಕಟ್ಟೆ ಇದೆ. ಒಂದೇ ದಾರಿಗೆ ವರ್ಷವಿಡೀ ಹೋದರೆ ಯಾವ ಮರ ಯಾವಾಗ ಚಿಗುರುತ್ತದೆ ಅನ್ನುವುದು ಗೊತ್ತಾಗುತ್ತದೆ, ಮೈಗೂ ಅದೇ ಹಿಡಿಸುತ್ತದೆ. ವರ್ಷಕ್ಕೆರಡು ಸಲ ದೊಡ್ಡ ಬೆಟ್ಟ ಹತ್ತಿ ಉಳಿದ ದಿನ ಕೂತಿರುವುದರಿಂದ ಮಂಡಿ ನೋವು ಬರುತ್ತದೆಯೇ ಹೊರತು ಸಕ್ಕರೆ ಇಳಿಯುವುದಿಲ್ಲ.

ಕಾಲೇಜಿನ ಕೊನೆಯ ವರ್ಷ ನಾವು ಗೆಳತಿಯರು ಸಕಲೇಶಪುರದ ದೋಣಿಗಾಲಿನಿಂದ ರೈಲುಹಳಿ ಮೇಲೆ ನಡೆದಿದ್ದೆವು. ಆಗ ಗೇಜ್ ಬದಲಾವಣೆಗೆ ರೈಲು ನಿಂತಿತ್ತು. ಘಟ್ಟದ 57 ಸುರಂಗಗಳಲ್ಲಿ ಕೆಲವನ್ನು ಬಾವಲಿಯ ವಾಸನೆಯಲ್ಲಿ ಕೈ ಕೈ ಹಿಡಿದು ದಾಟಿದ್ದು ಇನ್ನೂ ಕನಸಿಗೆ ಬರುತ್ತದೆ. ಈಗ ಅಲ್ಲಿ ರೈಲು ಓಡುತ್ತದೆ, ಹಳಿ ಮೇಲೆ ನಡೆಯುವುದು ಅಪರಾಧ. ಮಗಳು ಹೋಗೋಣ ಅಂದಾಗ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ಕರೆದುಕೊಂಡು ಹೋದೆ.

ಕಳೆದ ದೀಪಾವಳಿಗೆ ದೇವೀರಮ್ಮನ ಬೆಟ್ಟಕ್ಕೆ ನಾನು, ಮಗಳು ಇಬ್ಬರೇ ಹೋದೆವು. ಅತ್ತೆಗೆ ಈಗ 75, ಎಡ ಮಂಡಿ ಸವೆದಿದೆ, ಏರು ಬೇಡ ಅಂದಿದ್ದಾರೆ. ಬೆಳಿಗ್ಗೆ ಸಂಜೆ ಕಣದ ಸುತ್ತ ಕೋಲೂರಿಕೊಂಡು ನಡೆಯುತ್ತಾರೆ. ಅವರು ಕಟ್ಟಿಕೊಟ್ಟ ಸೌದೆಯನ್ನು ಮಗಳು ಹೊತ್ತಳು. ಅವಳು ನೆಟ್ಟಗೆ ನುಗ್ಗಿದಾಗ ನಾನು ಏನೂ ಹೇಳಲಿಲ್ಲ. ಎರಡನೇ ಏರಿಗೆ ಅವಳೇ ತಿರುಗಿ ನೋಡಿ, ನನ್ನ ಹಿಂದೆ ಬಂದು ಸೇರಿಕೊಂಡಳು.

ಸಂಜೆ ಅತ್ತೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದರು. ಮೋಡ ಸರಿದು, ತುದಿಯಲ್ಲಿ ಚುಕ್ಕಿಯಷ್ಟು ಬೆಂಕಿ ಕಂಡಿತು. ಅತ್ತೆ ಎದ್ದು ನಿಂತು ಕೈ ಮುಗಿದರು. ಮಗಳು ಹೊಸಿಲಿನ ದೀಪ ಹಚ್ಚಿ ಬಂದು ಅಜ್ಜಿಯ ಪಕ್ಕ ಕೂತಳು.

"ಮೇಲಿನ ಮಟ್ಟದಲ್ಲಿ, ಎರಡನೇ ತಿರುವಿಗೆ, ಒಂದು ನೇರಳೆ ಮರ ಇತ್ತಲ್ಲ ಮಗ, ಇದೆಯಾ?"

"ನೋಡಲಿಲ್ಲ ಅಜ್ಜಿ, ಹತ್ತುವಾಗ ಕತ್ತಲಿತ್ತು."

"ಇಳಿಯುವಾಗ?"

ಮಗಳು ಸ್ವಲ್ಪ ಹೊತ್ತು ಯೋಚಿಸಿದಳು. "ಇಳಿಯುವಾಗ ಕಾಲು ನೋಡ್ಕೊಂಡೇ ಇಳಿದೆ."

"ಅದು ಸರಿ," ಅಂದರು ಅತ್ತೆ. "ಮುಂದಿನ ವರ್ಷ ಆ ತಿರುವಿನಲ್ಲಿ ಒಂದು ಗಳಿಗೆ ನಿಂತು ನೋಡು."